ತುತ್ತೂರಿ ತಾತ ಮಾತ್ರೆ ಬಿಟ್ಟ ಕಥೆ

ಬ್ಯಾಂಡಿನಲ್ಲಿ ನಲವತ್ತು ವರ್ಷ ಊದಿದ ಆ ಮುದುಕನನ್ನು ಬೀದಿಯವರೆಲ್ಲ ತುತ್ತೂರಿ ತಾತ ಎಂದೇ ಕರೆಯುತ್ತಿದ್ದರು. ಮೊಮ್ಮಗಳ ಮದುವೆಗೆ ಇನ್ನೆರಡು ತಿಂಗಳಿತ್ತು. ಮೆರವಣಿಗೆಯ ಮುಂದೆ ತಾತನೇ ಊದಬೇಕು, ಕೊನೆಯ ಉದ್ದನೆಯ ಸ್ವರವನ್ನು ಒಂದೇ ಉಸಿರಿಗೆ ಹಿಡಿಯಬೇಕು ಎಂದು ಅವಳ ಹಟ. ಆದರೆ ಬಿಪಿ ಮಾತ್ರೆ ಶುರುವಾದಂದಿನಿಂದ ತಾತನಿಗೆ ಒಂದು ಒಣ ಕೆಮ್ಮು ಅಂಟಿಕೊಂಡಿತ್ತು. ಸ್ವರ ಅರ್ಧಕ್ಕೆ ಬಂತೋ ಇಲ್ಲವೋ, ಖೊಕ್ ಖೊಕ್!

ತಾತ ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ದಿನಾ ಒಂದನ್ನು ತೆಗೆದು ತುತ್ತೂರಿಯ ಪೆಟ್ಟಿಗೆಗೆ ಹಾಕತೊಡಗಿದ. ಎರಡು ವಾರದಲ್ಲಿ ಕೆಮ್ಮು ಮಾಯ.

ಪೆಟ್ಟಿಗೆ ಒರೆಸಲು ತೆಗೆದ ಹೆಂಡತಿಗೆ ಹದಿನಾಲ್ಕು ಮಾತ್ರೆ ಸಿಕ್ಕವು.

"ಇದೇನ್ರೀ, ತುತ್ತೂರಿಗೂ ಬಿಪಿನಾ?"

"ನನಗೆ ಬಿಪಿ ಹೋಯ್ತು ಕಣೆ. ತಲೆನೋವಿಲ್ಲ, ತಲೆಸುತ್ತಿಲ್ಲ. ಗುಂಡುಕಲ್ಲಿನ ಹಾಗಿದೀನಿ."

"ಗುಂಡುಕಲ್ಲು ಉರುಳೋ ಮುಂಚೆ ಹೇಳುತ್ತಾ? ಏಳಿ ಮೇಲೆ, ನಡೀರಿ ಆಸ್ಪತ್ರೆಗೆ!"

ಆರೋಗ್ಯ ಕೇಂದ್ರದ ನರ್ಸಮ್ಮ ತಾತನನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಎರಡು ಸಲ ಬಿಪಿ ನೋಡಿದಳು. ನೂರ ಎಪ್ಪತ್ತೆರಡು, ನೂರ ಎರಡು.

"ನನಗೇನೂ ಅನ್ನಿಸ್ತಾನೇ ಇಲ್ವಲ್ಲಮ್ಮ!"

"ಅದೇ ಇದರ ಕಳ್ಳಬುದ್ಧಿ ತಾತ. ಎಷ್ಟೋ ಜನಕ್ಕೆ ಏನೂ ಅನ್ನಿಸಲ್ಲ. ಎಲ್ಲಿ, ಕೆನ್ನೆ ಉಬ್ಬಿಸಿ."

ಉಬ್ಬಿಸಿದ. ನರ್ಸಮ್ಮ ಬೆರಳಿನಿಂದ ಒತ್ತಿದಳು. ಪುಸ್ಸೆಂದಿತು. ಹೆಂಡತಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

"ರಕ್ತನಾಳವೂ ಹೀಗೇ. ಹೃದಯ ರಕ್ತ ತಳ್ಳಿದಾಗ ಹಿಗ್ಗಬೇಕು, ಆಮೇಲೆ ಕುಗ್ಗಬೇಕು. ವರ್ಷಗಟ್ಟಲೆ ಒತ್ತಡ ಜಾಸ್ತಿಯಿದ್ರೆ ಒಳಗಿನ ನಯವಾದ ಪದರ ಕೆಡುತ್ತೆ, ಗೋಡೆ ದಪ್ಪಗಾಗಿ ಗಡುಸಾಗುತ್ತೆ. ನಿಮ್ಮ ಕೆನ್ನೆ ತುತ್ತೂರಿ ಥರ ಹಿತ್ತಾಳೆ ಆಗಿಬಿಟ್ರೆ?"

ತಾತ ಕೆನ್ನೆ ಸವರಿಕೊಂಡ. "ಊದಿದ ಹಾಗೇ!"

"ಮಿದುಳಿನ ನಾಳ ಕಟ್ಟಿದ್ರೆ, ಇಲ್ಲಾ ಒಡೆದ್ರೆ ಲಕ್ವ. ಹೃದಯಕ್ಕೂ ಮೂತ್ರಪಿಂಡಕ್ಕೂ ಪೆಟ್ಟು."

"ಒಂದು ಚೂರು ಮಾತ್ರೆ ಅದನ್ನೆಲ್ಲ ತಡೆಯುತ್ತಾ?"

"ಅಪಾಯ ಕಡಿಮೆ ಮಾಡುತ್ತೆ. ಕೆಲವು ಮಾತ್ರೆ ನಾಳದ ಬಿಗಿ ಸಡಿಲಿಸ್ತವೆ, ಕೆಲವು ಹೆಚ್ಚಿನ ಉಪ್ಪುನೀರು ಹೊರಹಾಕ್ತವೆ. ಒತ್ತಡ ಇಳಿದ್ರೆ ನಾಳ ಕೆಡೋದು ನಿಧಾನ ಆಗುತ್ತೆ, ಗಡುಸೂ ಸ್ವಲ್ಪ ತಗ್ಗಬಹುದು. ಪೂರ್ತಿ ಹೊಸದಾಗುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ನಿಲ್ಲಿಸಿದ್ರೆ ಒತ್ತಡ ಮತ್ತೆ ಏರುತ್ತೆ."

ತಾತ ದನಿ ತಗ್ಗಿಸಿದ. "ಕೆಮ್ಮು ಬರುತ್ತಮ್ಮ. ಸ್ವರ ಕಡಿಯುತ್ತೆ. ಮೊಮ್ಮಗಳಿಗೆ ಮಾತು ಕೊಟ್ಟಿದೀನಿ."

"ಇಷ್ಟೇನಾ! ಒಂದು ಬಗೆಯ ಬಿಪಿ ಮಾತ್ರೆಯಿಂದ ಕೆಲವರಿಗೆ ಒಣ ಕೆಮ್ಮು ಬರುತ್ತೆ. ಅದಕ್ಕೆ ಬದಲಿ ಮಾತ್ರೆ ಇದೆ. ಬಾಯಿ ಬಿಟ್ರೆ ತಾನೇ ಡಾಕ್ಟರಿಗೆ ಗೊತ್ತಾಗೋದು?"

"ನಲವತ್ತು ವರ್ಷ ಊದಿದ ಬಾಯಿ, ಬೇಕಾದಾಗ ಬಿಡಲಿಲ್ಲ ನೋಡಿ," ಎಂದಳು ಹೆಂಡತಿ.

ಡಾಕ್ಟರು ಅಂದೇ ಮಾತ್ರೆ ಬದಲಿಸಿದರು. ಜೋರಾಗಿ ಊದಿದರೆ ಒತ್ತಡ ಇನ್ನಷ್ಟು ಏರುತ್ತದೆ, ಅದು ಇಳಿಯುವ ತನಕ ತುತ್ತೂರಿಗೆ ರಜ ಎಂದರು. ಹೆಂಡತಿ ಪೆಟ್ಟಿಗೆಗೆ ಬೀಗ ಜಡಿದಳು. ತಾತ ನಾಲ್ಕು ವಾರ ಬರಿ ಬಾಯಲ್ಲೇ ಪೀಂ ಪೀಂ ಎನ್ನುತ್ತ ಮನೆ ತುಂಬ ಓಡಾಡಿದ. ಉಪ್ಪು ಕಡಿಮೆಯಾಯಿತು, ಬೆಳಗಿನ ನಡಿಗೆ ಶುರುವಾಯಿತು. ಐದನೇ ವಾರ ಬಿಪಿ ನೂರ ಇಪ್ಪತ್ತೆಂಟು, ಎಂಬತ್ತು. ಡಾಕ್ಟರು ಹೂಂ ಎಂದರು. ಬೀಗ ತೆರೆಯಿತು.

ಮದುವೆಯ ದಿನ ಬೀದಿ ತುಂಬ ಜನ. ತಾತ ಕಣ್ಣು ಮುಚ್ಚಿ ಕೊನೆಯ ಸ್ವರ ಹಿಡಿದ. ಹೆಂಡತಿ ಬೆರಳು ಮಡಿಸುತ್ತ ಎಣಿಸಿದಳು. ಹತ್ತು, ಹನ್ನೆರಡು, ಹದಿನೈದು! ಕೆಮ್ಮಿನ ಸುಳಿವಿಲ್ಲ.

"ಇನ್ನೊಂದ್ಸಲ ತಾತ!" ಎಂದು ಮದುಮಗಳು ಕುಣಿದಳು.

"ನಿನ್ನ ಮಗುವಿನ ನಾಮಕರಣಕ್ಕೆ ಊದ್ತೀನಿ, ಹೋಗೇ. ಅಲ್ಲೀ ತನಕ ಮಾತ್ರೆ ಬಿಡಲ್ಲ."

ಓದುಗರೇ, ನಿಮ್ಮ ಮನೆಯ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿ. ಯಾರಾದರೂ ಬಿಪಿ ಮಾತ್ರೆ ಬಚ್ಚಿಟ್ಟಿದ್ದರೆ ಬೈಯಬೇಡಿ, ಕಾರಣ ಕೇಳಿ. ಕೆಮ್ಮೋ, ಕಾಲು ಊತವೋ, ತಲೆಸುತ್ತೋ, ಏನೇ ಇರಲಿ, ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ಅವರು ಬದಲಿಸಲಿ. ನೀವಾಗಿಯೇ ನಿಲ್ಲಿಸಬೇಡಿ.