ರೈಟರ ಬಾಯಿ

ಗಂಜಿಯ ಮೇಲೆ ಆಗಲೇ ಪೊರೆ ಕಟ್ಟುತ್ತಿದೆ, ಚಮಚದ ತುದಿಯಿಂದ ಸರಿಸಿದರೆ ಬದಿಗೆ ಮುದುಡಿಕೊಳ್ಳುತ್ತದೆ, ಕಣ್ಣು ಆಚೆ ತಿರುಗಿಸಿದರೆ ಮತ್ತೆ ಕಟ್ಟುತ್ತದೆ, ತುಪ್ಪದ ವಾಸನೆ — ತುಪ್ಪ ಬೇರೆ ಕೇಡು ಇವನಿಗೆ, ಸಿಸ್ಟರ್ ಸೆಲಿನ್ ತಾವೇ ಡಬ್ಬಿ ತೆಗೆದು ಧಾರಾಳವಾಗಿ ಬಿಟ್ಟರು, ಇವತ್ತು ಅವರಿಗೆ ದೊಡ್ಡ ದಿನ ಕುಸುಮಾ, ಹೊಟ್ಟೆ ತುಂಬ ತಿನ್ನಿಸು, ಫಾದರ್ ಬರೋ ಹೊತ್ತಿಗೆ ಮುಖ ತೊಳಿಸಿ ಆ ಬಿಳಿ ಅಂಗಿ ಹಾಕ್ಬಿಡು. ಬಿಳಿ ಅಂಗಿ ಇಸ್ತ್ರಿಯಾಗಿ ಮಂಚದ ಸರಳಿನ ಮೇಲೆ ಕೂತಿದೆ. ಬಾಯಿ ತೆರೆದಿದೆ. ಹಕ್ಕಿಮರಿ ಹೀಗೆ ಬಾಯಿ ತೆರೆದರೆ ಪಾಪ ಅನ್ನಿಸುತ್ತದೆ, ಇದನ್ನು ನೋಡಿದರೆ ಕುಸುಮಾಳಿಗೆ ಮೈಯೆಲ್ಲ ಉರಿಯುತ್ತದೆ, ಎಡಗಡೆಯ ತುಟಿ ಜೋತುಬಿದ್ದಿದೆ, ಒಳಗೆ ನಾಲಿಗೆ ಸತ್ತು ಮಲಗಿದೆ, ಹಲ್ಲಿನ ಸಂದಿನಲ್ಲಿ ಹಳೆಯ ಎಲೆಯಡಿಕೆಯ ಕಪ್ಪು. ಚಮಚ ಒಳಗೆ ಹೋಗುತ್ತದೆ, ಅರ್ಧ ಹೊಟ್ಟೆಗೆ, ಅರ್ಧ ಗಲ್ಲಕ್ಕೆ, ಅವಳ ಕೈ ತನ್ನಷ್ಟಕ್ಕೆ ಒರೆಸುತ್ತದೆ, ಮತ್ತೆ ಬಾಯಿ ತೆರೆಯುತ್ತದೆ. ರೈಟರ್ ರೇಣುಕಪ್ಪ. ಕೊಪ್ಪದ ಆಚೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಕೂಲಿ, ರಜೆ, ಬೈಗುಳ, ಎಲ್ಲ ಈ ಬಾಯಿಯಲ್ಲೇ ಇದ್ದದ್ದು, ರೈಟ್ರು ಬಂದ್ರು ಅಂದರೆ ಕೂಲಿಯವರ ಲೈನ್ ಮನೆಯ ನಾಯಿಯೂ ಬಾಲ ಮುದುರುತ್ತಿತ್ತು, ಈಗ ಲಕ್ವ ಹೊಡೆದು ಮಾತು ನಿಂತಿದೆ, ತಂಗಿಯ ಮಗ ಕಾರಿನಲ್ಲಿ ತಂದು ಎನ್.ಆರ್. ಪುರದ ಈ ವೃದ್ಧಾಶ್ರಮದಲ್ಲಿ ಇಳಿಸಿ ಹೋಗಿದ್ದಾನೆ, ಇವಳೇ ಮೈ ಒರೆಸಬೇಕು, ಇವಳೇ ಉಣ್ಣಿಸಬೇಕು, ಕುಸುಮಾ ಯಾರು ಅಂತ ಅವನಿಗೆ ಗುರುತಿದ್ದಂತಿಲ್ಲ, ಹಳೇ ಕೂಲಿಯವಳ ಮುಖವನ್ನು ಯಾವ ರೈಟರ್ ನೆನಪಿಟ್ಟುಕೊಳ್ಳುತ್ತಾನೆ.

ಅವನಿಗೆ ಉಳಿದಿರುವುದು ತಲೆಯಾಡಿಸುವುದೊಂದೇ. ಗಂಜಿ ಬೇಕಾ — ಹೌದು. ಸೆಖೆಯಾ — ಹೌದು. ಹಾಗಾದ್ರೆ ಚಳಿಯಾ — ಅದಕ್ಕೂ ಹೌದು, ಗೋಣು ಮೇಲೆ ಕೆಳಗೆ ಆಡಿತೆಂದರೆ ಆಯಿತು. ಫಾದರ್ ಅವಸರ ಮಾಡಿದವರಲ್ಲ, ಅದು ನಿಜ, ಸುಳ್ಳು ಯಾಕೆ ಹೇಳಬೇಕು, ಬಂದಾಗಲೆಲ್ಲ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಕೇಳಿದರು, ದೀಕ್ಷಾಸ್ನಾನ ಬೇಕು ಅಂತ ನಿಮಗೇ ಅನ್ನಿಸ್ತಿದೆಯಾ, ನಿಮ್ಮ ಪಾಪಗಳಿಗೆ ಪಶ್ಚಾತ್ತಾಪ ಇದೆಯಾ — ಹೌದು, ಹೌದು, ಗೋಣು ಆಡಿತು, ಸಿಸ್ಟರ್ ಸೆಲಿನ್ ಕಣ್ಣಲ್ಲಿ ನೀರು. ಪಾಪಗಳು ಅಂತ ಒಟ್ಟು ಮೂಟೆ ಕಟ್ಟಿ ಕೇಳಿದರೆ ಯಾರು ತಾನೇ ಇಲ್ಲ ಅನ್ನುತ್ತಾರೆ, ಮೂಟೆ ಬಿಚ್ಚಿ ಕೇಳಿ ಫಾದರ್, ಒಂದೊಂದಾಗಿ ಕೇಳಿ, ನನ್ನ ತಂಗಿ ಮಾಲತಿಯ ಹೆಸರು ಹಿಡಿದು ಕೇಳಿ ಅಂತ ಆವತ್ತೇ ಕೂಗಿಬಿಡಬೇಕಿತ್ತು, ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದು ಬಾಗಿಲಲ್ಲಿ ನಿಂತವಳು ಅದನ್ನು ತೊಳೆಯಲು ಹೊರಟುಹೋದಳು. ಇನ್ನು ಸ್ವಲ್ಪ ಹೊತ್ತಿಗೆ ಫಾದರ್ ಬರುತ್ತಾರೆ, ಹಣೆಯ ಮೇಲೆ ನೀರು ಹುಯ್ಯುತ್ತಾರೆ, ಅಲ್ಲಿಗೆ ಎಲ್ಲ ತೊಳೆದುಹೋಯಿತಂತೆ, ಆಗಷ್ಟೇ ಹುಟ್ಟಿದ ಕೂಸಿನಷ್ಟು ಶುದ್ಧವಂತೆ. ಕೂಸು ಅನ್ನುವ ಮಾತನ್ನು ಇವನ ವಿಷಯದಲ್ಲಿ ಆಡಬೇಡಿ ಸಿಸ್ಟರ್.

ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಬಾಯಿ ತೆರೆದದ್ದು ಸುಮ್ಮನೆಯಾ, ಸಿಸ್ಟರ್, ಈ ರೈಟ್ರು ಎಂತ ಮಾಡಿದಾರೆ ಅಂತ ನಿಮಗೆ ಗೊತ್ತಿಲ್ಲ — ಅಷ್ಟು ಹೇಳುವುದರೊಳಗೆ ಸಿಸ್ಟರ್ ಒದ್ದೆ ಕೈಯಲ್ಲೇ ಇವಳ ಮಣಿಕಟ್ಟು ಹಿಡಿದರು, ಬೇಡ ಕುಸುಮಾ, ಹೇಳ್ಬೇಡ, ಈ ಮನೆಗೆ ಬಂದವರನ್ನ ನಾವು ಏನೂ ಕೇಳೋದಿಲ್ಲ, ನಿನ್ನನ್ನೂ ಕೇಳ್ಲಿಲ್ಲ ಅಲ್ವಾ. ಕೇಳಲಿಲ್ಲ, ಹೌದು. ಮೆಣಸೆಯ ಗಂಡನ ಮನೆ ಬಿಟ್ಟು ಬಾತ ಕಣ್ಣಲ್ಲೇ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಈ ಗೇಟಿನ ಮುಂದೆ ನಿಂತಾಗ ಯಾರು, ಎತ್ತ, ಯಾಕೆ ಅಂತ ಒಬ್ಬರೂ ಕೇಳಲಿಲ್ಲ, ಬಿಸಿ ಕಾಫಿ ಕೊಟ್ಟರು, ಮಂಚ ತೋರಿಸಿದರು, ಆಗ ಎದೆ ತಣ್ಣಗಾಗಿತ್ತು, ಇಂಥ ಜನವೂ ಇದ್ದಾರಾ ಅಂತ ಗೋಡೆ ಕಡೆ ಮುಖ ಮಾಡಿ ಅತ್ತಿದ್ದಳು. ಆದರೆ ಆ ಮೇಲೂ ಕೇಳಲಿಲ್ಲವಲ್ಲ, ಇವತ್ತಿನವರೆಗೂ ಕೇಳಲಿಲ್ಲ, ಹೇಳಬೇಕು ಅಂತ ಗಂಟಲಿಗೆ ಬಂದದ್ದು ಅಲ್ಲೇ ನಿಂತು ನಿಂತು ಹುಳಿಯಾಯಿತು. ಕೇಳದೇ ಇರುವುದು ಬಹಳ ದೊಡ್ಡ ಗುಣ ಅಂತ ಇವರು ತಿಳಿದುಕೊಂಡಿದ್ದಾರೆ. ದೇವರ ಪ್ರೀತಿಗೆ ಷರತ್ತಿಲ್ಲ ಕುಸುಮಾ, ಅದು ಯಾರೂ ಸಂಪಾದನೆ ಮಾಡೋದಲ್ಲ, ಪುಕ್ಕಟೆ ಸಿಗೋದು, ನಂಗೂ ಪುಕ್ಕಟೆ, ನಿಂಗೂ ಪುಕ್ಕಟೆ, ಅವರಿಗೂ. ಪುಕ್ಕಟೆ! ಮಾಲತಿಗೆ ಏನು ಸಿಕ್ಕಿತ್ತು ಪುಕ್ಕಟೆ, ಜೀಪಿನ ಹಿಂದಿನ ಸೀಟೂ ಸಿಗಲಿಲ್ಲ.

ಆವತ್ತು ಎಸ್ಟೇಟಿನ ಜೀಪು ಶೆಡ್ಡಿನಲ್ಲೇ ಇತ್ತು. ಮಧ್ಯಾಹ್ನ, ಆಳುಗಳೆಲ್ಲ ಬುತ್ತಿ ಬಿಚ್ಚುವ ಹೊತ್ತು, ಲೈನ್ ಮನೆಯಲ್ಲಿ ಮಾಲತಿ ಚಾಪೆಯ ಅಂಚನ್ನು ಹಿಡಿದು ಹಲ್ಲು ಕಚ್ಚುತ್ತಿದ್ದಾಳೆ, ಮೊದಲನೇ ಹೆರಿಗೆ, ನೀರು ಒಡೆದಿದೆ, ಕೂಸು ಅಡ್ಡ ಕೂತಿದೆ, ನನ್ ಕೈಲಾಗಲ್ಲ ಕೊಪ್ಪಕ್ಕೆ ಸಾಗಿಸಿ ಅಂತ ಸೂಲಗಿತ್ತಿ ಯಲ್ಲಕ್ಕ ಹೊರಗೆ ಬಂದು ಕೈ ಅಲ್ಲಾಡಿಸಿದಳು, ಕುಸುಮಾ ಓಡಿದಳು, ಅಪ್ಪನಿಗಿಂತ ಮೊದಲು ಓಡಿದಳು, ರೈಟ್ರೇ ಜೀಪ್ ಕೊಡಿ, ತಂಗಿ ಸಾಯ್ತಾಳೆ. ರೇಣುಕಪ್ಪ ಹಲ್ಲು ಚುಚ್ಚಿಕೊಳ್ಳುತ್ತ ನಿಂತಿದ್ದ, ಜೀಪ್ ಕೆಟ್ಟಿದೆ ಮಾರಾಯ್ತಿ, ಬೆಳಿಗ್ಗೆಯಿಂದ ಸ್ಟಾರ್ಟೇ ಆಗ್ತಿಲ್ಲ, ನಾನೆಂತ ಮಾಡ್ಲಿ. ಕಾಲು ಸೋತು ಅವಳು ಜೀಪಿನ ಮೂತಿಗೇ ಒರಗಿದ್ದು, ಬಾನೆಟ್ಟಿನ ಮೇಲೆ ಅಂಗೈ ಊರಿದ್ದು — ಸುಟ್ಟಿತು, ಒಲೆಯಿಂದ ಆಗಷ್ಟೇ ಇಳಿಸಿದ ಕಾವಲಿಯ ಬಿಸಿ. ಒಳಗೆ ಸೀಟಿಗೆ ಹೊಸ ಬಿಳಿ ಟವೆಲ್ಲು ಹಾಸಿತ್ತು. ಧಣಿಗಳ ನೆಂಟರನ್ನು ಶೃಂಗೇರಿಗೆ ಬಿಟ್ಟು ಬಂದಿದ್ದ ಜೀಪು, ಪೂಜೆ ಮುಗಿದ ಮೇಲೆ ಕರೆತರಲು ಮತ್ತೆ ಹೋಗಬೇಕಿದ್ದ ಜೀಪು, ಟವೆಲ್ಲಿಗೆ ರಕ್ತವಾಗಬಾರದು. ಅಷ್ಟೇ. ಅವಳ ಕೈ ಬಾನೆಟ್ಟಿನ ಮೇಲೆ ಇದ್ದದ್ದನ್ನು ಅವನು ನೋಡಿದ, ನೋಡಿಯೂ ಅದೇ ಬಾಯಿಂದ ಇನ್ನೊಮ್ಮೆ ಹೇಳಿದ, ಕೆಟ್ಟಿದೆ ಅಂದ್ನಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ ಹೊತ್ತರು, ಟಾರು ರಸ್ತೆ ಸಿಗುವ ಮೊದಲೇ, ಹಳ್ಳ ದಾಟುವ ಸಂಕದ ಹತ್ತಿರ ಮಾಲತಿ ಅಕ್ಕಾ ಅಂದಳು, ಆಮೇಲೆ ಏನೂ ಅನ್ನಲಿಲ್ಲ. ತಾಯಿ ಕೂಸು ಎರಡೂ ಹೋದವು. ಜೀಪ್ ಕೆಟ್ಟಿತ್ತಂತೆ, ಗ್ರಹಚಾರ ನೋಡು ಅಂತ ಊರೆಲ್ಲ ಹೇಳಿತು, ಬಾನೆಟ್ ಬಿಸಿಯಿತ್ತು ಅಂತ ಕುಸುಮಾ ಹೇಳಿದರೆ, ಬಿಸಿಲಿಗೆ ಕಾದಿರ್ತದೆ ಬಿಡು ಅಂದರು, ಶೆಡ್ಡಿನೊಳಗೆ ಎಲ್ಲಿಯ ಬಿಸಿಲು.

ಬಾಯಿ ತೆರೆದಿದೆ. ಇನ್ನೊಂದು ಚಮಚ. ಗಂಟಲ ಗಂಟು ಏರಿ ಇಳಿಯುತ್ತದೆ, ಬದುಕುವ ಆಸೆ ನೋಡು. ಅಪ್ಪ ಸುಮ್ಮನೆ ಕೂತವನಲ್ಲ, ಹಟ ಹಿಡಿದು ಚೌಡಮ್ಮನ ಬನದಲ್ಲಿ ಪಂಚಾಯ್ತಿ ಸೇರಿಸಿದ, ರೈಟ್ರು ತಪ್ಪುಕಾಣಿಕೆ ಇಡಲಿ, ಎಲ್ಲರೆದುರಿಗೆ ತಪ್ಪು ಹೇಳಲಿ, ಅಷ್ಟೇ ಸಾಕು ನಂಗೆ. ಅವನು ಬಂದ, ಒದ್ದೆ ಪಂಚೆಯಲ್ಲಿ ಬಂದ, ಎಲೆಯ ಮೇಲೆ ಒಂದು ನಾಣ್ಯ ಇಟ್ಟ, ಗೊತ್ತಿದ್ದೋ ಗೊತ್ತಿಲ್ದೆಯೋ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೋ ತಾಯಿ. ಏನಾದರೂ! ಗೊತ್ತಿಲ್ಲದೆಯೋ! ಹಿರಿಯರು ಆಯ್ತಲ್ಲ ಧರ್ಮಪ್ಪ, ಮುಗೀತು, ಅಂದರು, ಅಪ್ಪ ಕೈಮುಗಿದ, ಕೋಳಿ ಸಾರಿನ ಊಟವೂ ಆಯಿತು. ಚೌಡಮ್ಮನೂ ಮೋಸ ಹೋದಳು, ಅವಳ ಮೇಲೂ ಕುಸುಮಾಳಿಗೆ ಸಿಟ್ಟಿದೆ, ಆ ಮೇಲೆ ಬನದ ಕಡೆ ತಲೆ ಹಾಕಿಲ್ಲ. ಆದರೂ ಚೌಡಮ್ಮ ಇವನನ್ನು ತಣ್ಣೀರು ಹುಯ್ಯಿಸಿಕೊಂಡು ನಡುಗುತ್ತ ಎದುರಿಗೆ ನಿಲ್ಲುವ ಹಾಗಾದರೂ ಮಾಡಿದ್ದಳು. ಈ ದೇವರು ಅದನ್ನೂ ಕೇಳುವುದಿಲ್ಲ. ಬೆಚ್ಚಗಿನ ನೀರು, ಇಸ್ತ್ರಿ ಅಂಗಿ, ತುಪ್ಪ ಹಾಕಿದ ಗಂಜಿ. ಎದುರಿನ ಗೋಡೆಯ ಶಿಲುಬೆಯ ಮೇಲೆ ಆ ದೇವರ ಎರಡೂ ಕೈಗೆ ಮೊಳೆ ಹೊಡೆದಿದೆ, ತಲೆ ಒಂದು ಕಡೆ ವಾಲಿದೆ, ಮೊದಮೊದಲು ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು, ಇವತ್ತು ಜಗಳ ಕಾಯಬೇಕು ಅನ್ನಿಸುತ್ತಿದೆ, ನಿನಗೆ ಮೊಳೆ ಹೊಡೆದವರನ್ನು ನೀನು ಕ್ಷಮಿಸಿದೆಯಂತೆ, ಬೇಡ ಅಂದವರು ಯಾರು, ನಿನ್ನ ಕೈ, ನಿನ್ನ ನೋವು, ನೀನುಂಟು ಅವರುಂಟು. ಮಾಲತಿಯ ಪಾಲಿನದ್ದನ್ನು ಕ್ಷಮಿಸು ಅಂತ ನಿನಗೆ ಹೇಳಿದ್ದು ಯಾರು? ಅವಳನ್ನು ಕೇಳಿದೆಯಾ? ನನ್ನನ್ನು ಕೇಳಿದೆಯಾ? ಪ್ರೀತಿಸುವುದಾದರೆ ಪ್ರೀತಿಸಿಕೋ, ನಿನ್ನ ಧಾರಾಳಕ್ಕೆ ನಾನು ಅಡ್ಡ ಬರುವುದಿಲ್ಲ, ಒಂದು ಸಲ ಈ ಮುದುಕನ ಕಡೆ ತಿರುಗಿ ಆವತ್ತು ಏನಾಯಿತೋ ಅಂತ ಕೇಳು ಮಾರಾಯ, ಕೇಳಿಬಿಟ್ಟು ಆಮೇಲೆ ಬೇಕಾದ್ದು ಮಾಡು. ಗೋಡೆಯ ಮೇಲಿನ ತಲೆ ವಾಲಿದ ಹಾಗೇ ಇದೆ.

ಹೊರಗೆ ಗೇಟಿನ ಚಿಲಕ ಸರಿದ ಸದ್ದು, ಸ್ಕೂಟರ್ ಒಳಗೆ ಬಂತು, ವರಾಂಡದಲ್ಲಿ ಚಪ್ಪಲಿ ಬಿಡುವ ಸದ್ದು, ಬನ್ನಿ ಫಾದರ್, ಇನ್ನೇನು ರೆಡಿ ಆಗ್ತಾರೆ, ಮೊದಲು ಕಾಫಿ ತಗೊಳ್ಳಿ — ಸಮಯವಿಲ್ಲ, ನೀರು ಬಿದ್ದ ಮೇಲೆ ಇವನನ್ನು ಕೇಳುವುದಕ್ಕೆ ಏನೂ ಉಳಿಯುವುದಿಲ್ಲ, ಹೊಸ ಹೆಸರಿಡುತ್ತಾರಂತೆ, ಹೊಸ ಹೆಸರಿನವನಿಗೆ ಹಳೇ ಜೀಪು ಯಾಕೆ ನೆನಪಿರಬೇಕು. ಯಾರೂ ಕೇಳದಿದ್ದರೆ ತಾನೇ ಕೇಳಬೇಕು. ಕುಸುಮಾ ಬಗ್ಗುತ್ತಾಳೆ, ಅವನ ಕಿವಿಯ ಹತ್ತಿರ, ಬಿಳಿ ಕೂದಲು ಬೆಳೆದ ಆ ಕಿವಿಯ ಹತ್ತಿರ, ರೈಟ್ರೇ, ನಾನು ಮಾಲತಿಯ ಅಕ್ಕ, ಲೈನ್ ಮನೆ ಧರ್ಮಪ್ಪನ ಮಗಳು, ಹೆರಿಗೆಗೆ ಜೀಪ್ ಕೇಳೋಕೆ ಬಂದಿದ್ದೆನಲ್ಲ, ಹೇಳಿ, ಆವತ್ತು ಜೀಪ್ ಕೆಟ್ಟಿತ್ತಾ? ಗೋಣು ಆಡುತ್ತದೆ, ಈಗ ಆಡುತ್ತದೆ, ಸೆಖೆಗೂ ಚಳಿಗೂ ದೇವರಿಗೂ ಆಡಿದ ಗೋಣು, ಕೆಟ್ಟಿತ್ತು ಅಂತ ಅದೇ ಸುಳ್ಳನ್ನು ಈ ಮಂಚದ ಮೇಲೂ ಹೇಳುತ್ತದೆ, ಹೇಳಲಿ, ಹೇಳಿದರೆ ಈ ಗಂಜಿಯನ್ನು ಬಟ್ಟಲ ಸಮೇತ ಅವನ ಮುಖಕ್ಕೆ — ಆಡಲಿಲ್ಲ. ಕಿಟಕಿಯ ಕಡೆ ಇದ್ದ ಕಣ್ಣು ನಿಧಾನ ಹೊರಳಿ ಅವಳ ಮೇಲೆ ನಿಂತಿತು, ಅವಳ ಮುಖದ ಮೇಲಲ್ಲ, ಕೈಯ ಮೇಲೆ, ಆವತ್ತು ಬಾನೆಟ್ಟಿಗೆ ಊರಿದ್ದ ಅಂಗೈಯ ಮೇಲೆ. ಗೊತ್ತಿದೆ. ಇವನಿಗೆ ಎಲ್ಲ ಗೊತ್ತಿದೆ. ಮತ್ತೆ ಕೇಳುತ್ತಾಳೆ, ಕೆಟ್ಟಿತ್ತಾ ರೈಟ್ರೇ, ಹೌದನ್ನಿ, ಹೌದು ಅನ್ನಿ ನೋಡುವಾ — ಗೋಣು ಅಲ್ಲಾಡುವುದಿಲ್ಲ, ಕುಸುಮಾ, ತಿಂದ್ರಾ ಅವರು, ಅಂಗಿ ಹಾಕಿದ್ಯಾ, ಸಿಸ್ಟರ್ ಕೂಗುತ್ತಿದ್ದಾರೆ, ಅವಳು ಚಮಚವನ್ನು ಅವನ ತುಟಿಗೆ ತಾಗಿಸುತ್ತಾಳೆ, ಒತ್ತುತ್ತಾಳೆ, ಲಕ್ವ ಹೊಡೆದ ತುಟಿ ಎಲ್ಲಿಂದ ಬಲ ತಂದುಕೊಂಡಿತೋ, ಹಲ್ಲು ಹಲ್ಲಿಗೆ ಕಚ್ಚಿ, ಎರಡೂ ತುಟಿ ಬಿಗಿದು, ಗಂಜಿ ಗಲ್ಲದ ಮೇಲೆ ಇಳಿಯುತ್ತಿದೆ, ಇಷ್ಟು ದಿನ ಅವಳೆದುರಿಗೆ ತೆರೆದೇ ಇದ್ದ ಆ ಬಾಯಿ, ಮುಚ್ಚಿದೆ, ಮುಚ್ಚಿಯೇ ಇದೆ