ಗುರುವಾರದ ಶೇಂಗಾ ಹಿಂಡಿ

ನಾಲ್ಕು ತಿಂಗಳಿಂದ ನನ್ನ ಮಗಳು ವಿಶಾಖಾಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ರಾಯಚೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ಅವಳದು. ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲೇ ಕುಳಿತುಬಿಡುತ್ತಿದ್ದಳು. ಕೊನೆಗೆ ತಾನೇ ಫೋನಿನಲ್ಲಿ ಮಾತಾಡುವ ಮನೋವೈದ್ಯರೊಬ್ಬರನ್ನು ಹುಡುಕಿಕೊಂಡಳು. ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ.

ಮೊದಲ ದಿನ ನಾನೂ ಪಕ್ಕದಲ್ಲಿ ಕುಳಿತೆ. ನನ್ನ ತವರು ದೇವದುರ್ಗದಲ್ಲಿ ದವಾಖಾನೆಗೆ ಹೋದರೆ ರೋಗ ಹೇಳುವವಳು ತಾಯಿ, ಮಗಳು ನಾಲಿಗೆ ತೋರಿಸಿದರೆ ಸಾಕು. ಹಾಗಾಗಿ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ನಿದ್ದೆಯಿಲ್ಲ, ಒಂದು ರೊಟ್ಟಿಯ ಮೇಲೆ ಸೇರುವುದಿಲ್ಲ, ಗೆಳತಿ ಮದುವೆಯಾಗಿ ಮಾನ್ವಿಗೆ ಹೋದಾಗಿನಿಂದ ಹೀಗೆ ಎಂದೂ ಹೇಳಿಬಿಟ್ಟೆ. ಅದು ಹೌದೋ ಅಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಡಾಕ್ಟರಮ್ಮ ನಯವಾಗಿ, ಮುಂದಿನ ವಾರ ವಿಶಾಖಾ ಒಬ್ಬಳೇ ಮಾತಾಡಲಿ ಎಂದರು.

ಫೋನಿಟ್ಟ ಮೇಲೆ ಅವಳು ಹೇಳಿದಳು, "ಈ ಫೋನಿನ ಮಾತು ಇನ್ನ ಸಾಕು ಬಿಡಬೇ ಯವ್ವಾ. ಎರಡು ಖೋಲಿ ಮನಿ. ನಾ ಉಸುರು ಬಿಟ್ರೂ ನಿನಗ ಕೇಳ್ತದ."

ನಿಜವೇ. ಅಡುಗೆಮನೆಗೂ ಅವಳ ಖೋಲಿಗೂ ನಡುವೆ ಒಂದು ಪರದೆ. ನಾನು ಹೊರಗೆ ಹೋಗಿ ನಿಂತರೆ, ಬಿಸಿಲಲ್ಲಿ ಯಾಕೆ ನಿಂತೆ ಎನ್ನುತ್ತ ಪಕ್ಕದ ಮನೆಯ ಯಶೋಧಾ ಒಳಗೇ ಬಂದುಬಿಡುತ್ತಾಳೆ.

ಮುಂದಿನ ಗುರುವಾರ ನಾಲ್ಕಕ್ಕೆ ವಿಶಾಖಾ ಫೋನು ಹಿಡಿದು ಸುಮ್ಮನೆ ಕುಳಿತಿದ್ದಳು. ನಾನು ಶೇಂಗಾ ಹುರಿದು, ಮೂಲೆಯಲ್ಲಿದ್ದ ಕಲ್ಲಿನ ಒರಳು ಎಳೆದುಕೊಂಡು ಕುಟ್ಟತೊಡಗಿದೆ. ಮಿಕ್ಸಿ ಇದೆ, ಅದು ಎರಡೇ ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಸ್ವಲ್ಪ ಹೊತ್ತಿಗೆ ಪರದೆಯಾಚೆ ಗುಜುಗುಜು ಶುರುವಾಯಿತು. ಒಂದು ಮಾತೂ ತಿಳಿಯಲಿಲ್ಲ. ಕೈ ಸೋತು ನಿಲ್ಲಿಸಿದೆ, ಅವಳೂ ನಿಲ್ಲಿಸಿದಳು. ಮತ್ತೆ ಕುಟ್ಟಿದೆ.

ಅಂದಿನಿಂದ ಗುರುವಾರವೆಂದರೆ ಶೇಂಗಾ ಹಿಂಡಿ. ಚಟ್ನಿಪುಡಿಯ ಡಬ್ಬಿಗಳು ತುಂಬಿದವು.

"ಏನಕ್ಕಾ, ಖಾನಾವಳಿ ತಗದೀಯೇನು?" ಎಂದಳು ಯಶೋಧಾ. ಹೌದವ್ವಾ ಎಂದು ಅವಳ ಕೈಗೂ ಒಂದು ಡಬ್ಬಿ ಕೊಟ್ಟೆ.

ನಿನ್ನೆ ಆರನೆಯ ಗುರುವಾರ. ಶೇಂಗಾ ನುಣ್ಣಗಾಗಿ ಎಣ್ಣೆ ಬಿಟ್ಟಿತ್ತು. ಇನ್ನು ಕುಟ್ಟಿದರೆ ಮುದ್ದೆಯಾಗುತ್ತಿತ್ತು. ಬಳಿದು ತೆಗೆದು ಸುಮ್ಮನೆ ಕುಳಿತೆ. ಆಚೆಯ ಮಾತೂ ನಿಂತಿತು. ಅಷ್ಟರಲ್ಲೇ ಮುಗಿಸಿಬಿಡುತ್ತಾಳೇನೋ ಎಂದು ಪರದೆಯತ್ತ ನೋಡಿದೆ.

"ಯವ್ವಾ," ಎಂದಳು ಒಳಗಿನಿಂದ, "ಇನ್ನೊಂದೀಟು ಕುಟ್ಟಬೇ."

ಕೈಗೆ ಸಿಕ್ಕಿದ್ದು ಒಣ ಮೆಣಸಿನಕಾಯಿ. ಅದನ್ನೇ ಸುರಿದು ಕುಟ್ಟಿದೆ. ಘಾಟಿಗೆ ನನಗೆ ಸೀನು ಬಂತು, ಪರದೆಯಾಚೆ ಅವಳಿಗೂ ಬಂತು. ಸೀನುತ್ತಲೇ ಅವಳು ಮಾತು ಮುಂದುವರಿಸಿದಳು.