ಉಪೇಂದ್ರನ ಮೂವತ್ತಾರು ಮನೆ

ಕಿಟಕಿಯ ಗಾಜು ಹಬೆಗೆ ಮಂಜಾಗಿದೆ, ಆಚೆ ಪಾರ್ಕಿಂಗ್ ಲಾಟಿನ ಹಿಮದ ಮೇಲೆ ಯಾವುದೋ ಕೆಂಪು ಕಾರು ನಿಧಾನಕ್ಕೆ ತಿರುಗುತ್ತಿದೆ, ವಾಲ್ಟರನದಾ, ಅಲ್ಲ, ಅವನದು ನೀಲಿ, ನೀಲಿಯಿತ್ತು, ಈಗ ಬದಲಾಯಿಸಿರಬಹುದು, ಕಾರು ಮಾಡುವವನಿಗೆ ಕಾರು ಬದಲಾಯಿಸುವುದೇನು ದೊಡ್ಡದು — ಡೆಟ್ರಾಯಿಟಿನಿಂದ ಚಿಕಾಗೋ ಪಕ್ಕದ ಈ ಲೊಂಬಾರ್ಡಿಗೆ ಐದು ಗಂಟೆ ದಾರಿ, ಮಧ್ಯಾಹ್ನ ಒಂದು ಗಂಟೆಗೆ ಬರುತ್ತಾನಂತೆ, ಮಾವ, ಟೇಬಲ್ ಖಾಲಿ ಮಾಡ್ಕೊಡ್ತೀರಾ, ತಟ್ಟೆ ಇಡಬೇಕು, ಅನಸೂಯ ಮೂರನೇ ಸಲ ಕೇಳುತ್ತಿದ್ದಾಳೆ, ಇವಳು ಉಪೇಂದ್ರನ ಹೆಂಡತಿ, ಅವನು ನನ್ನ ತಂಗಿಯ ಮಗ, ನಾನು ಎತ್ತಿ ಆಡಿಸಿದವನು, ಈಗ ಆಚೆ ಮೆಟ್ಟಿಲ ಮೇಲಿನ ಹಿಮ ಬಾಚುತ್ತಿದ್ದಾನೆ, ಆಯಿತಮ್ಮ ಒಂದು ನಿಮಿಷ, ಒಂದೇ ಕಾರ್ಡು ಉಳಿದಿದೆ ಎನ್ನುತ್ತೇನೆ, ಅದೂ ಪೂರ್ತಿಯಲ್ಲ, ಒಂದೇ ಒಂದು ಮನೆ. ಕಾರ್ನ್ ಫ್ಲೇಕ್ಸಿನ ಡಬ್ಬಿ ಕತ್ತರಿಸಿ ಮಾಡಿದ ಹದಿನಾಲ್ಕು ಕಾರ್ಡು, ಆಟಗಾರನಿಗೊಂದು, ಕಾರ್ಡಿನ ಮೇಲೆ ಮೂವತ್ತಾರು ಮನೆ, ಕೆಂಪು ದಾಳ ಮೊದಲು, ಬಿಳಿ ದಾಳ ಆಮೇಲೆ, ಒಂದು-ಒಂದರಿಂದ ಆರು-ಆರರವರೆಗೆ, ಬಿದ್ದ ಮನೆಯಲ್ಲಿ ಏನು ಬರೆದಿದೆಯೋ ಆ ಮನುಷ್ಯ ಅದನ್ನು ಮಾಡಿದ ಹಾಗೆ. ಚೌಕಾಬಾರ ಆಡಿದವನಿಗೆ ಇದೇನು ಕಷ್ಟವಲ್ಲ. ಅಂಗಡಿಯಲ್ಲಿ ದೊಡ್ಡ ದೊಡ್ಡ ತಂಡಗಳ ಕಾರ್ಡು ಅಚ್ಚಾಗಿ ಬರುತ್ತವೆ, ಡೆಟ್ರಾಯಿಟಿನ ಕಾರು ಕಾರ್ಖಾನೆಯಲ್ಲಿ ಉಪ್ಪಿ, ವಾಲ್ಟರ್ ಎಲ್ಲ ಇದ್ದ ಪೇಂಟ್ ಶಾಪಿನವರು ಅರವತ್ತೊಂಬತ್ತರಲ್ಲಿ ಭಾನುವಾರ ಭಾನುವಾರ ಬೇಸ್‌ಬಾಲ್ ಆಡಿದ್ದಕ್ಕೆ ಯಾರು ಅಚ್ಚು ಹಾಕುತ್ತಾರೆ, ಯಾರೂ ಲೆಕ್ಕವನ್ನೇ ಬರೆದಿಡಲಿಲ್ಲ, ಮಾವನಿಗೆ ಗೊತ್ತು, ಮಾವನ್ನ ಕೇಳೋಣ ಅಂದನಂತೆ ಉಪ್ಪಿ ಫೋನಿನಲ್ಲಿ, ವಾಲ್ಟರ್ ನಕ್ಕನಂತೆ, ಆ ತಿಂಡಿ ಡಬ್ಬಿ ತರ್ತಿದ್ದ ಮುದುಕ ಇನ್ನೂ ಇದಾನಾ.

ಇದ್ದೇನೆ. ಎರಡನೇ ಕ್ಲಾಸಿಗೆ ಸ್ಲೇಟು ಬಿಟ್ಟವನು, ಮೈಸೂರಿನ ಹಾಸ್ಟೆಲಿನಲ್ಲಿ ಇಪ್ಪತ್ತೈದು ವರ್ಷ ಹುಳಿ ಕುದಿಸಿದವನು, ಯಾವ ಹುಡುಗ ಯಾವತ್ತು ಎರಡನೇ ಸಲ ಸಾರು ಹಾಕಿಸಿಕೊಂಡ ಎಂಬುದು ಇವತ್ತಿಗೂ ಕಣ್ಣ ಮುಂದಿದೆ, ಇದು ಹೇಗೆ ಮರೆತೀತು, ನನಗೆ ತಾರೀಕು ನೆನಪಿಲ್ಲ, ತಿಂಡಿ ನೆನಪಿದೆ. ಚಿತ್ರಾನ್ನ ಒಯ್ದ ಭಾನುವಾರ ಲೀರಾಯ್ ಮೂರು ಸಲ ಬೇಲಿಯಾಚೆ ಹೊಡೆದ, ಗಟ್ಟಿ ಅವಲಕ್ಕಿಯ ದಿನ ವಾಲ್ಟರನ ಭುಜ ಹಿಡಿದುಕೊಂಡಿತು, ಅವನು ಎಸೆದ ಚೆಂಡೆಲ್ಲ ಅಡ್ಡಾದಿಡ್ಡಿ, ಹೀಗೆ ಒಬ್ಬೊಬ್ಬನದೂ ಹೇಳುತ್ತ ಹೋದೆ, ಉಪ್ಪಿ ಬರೆಯುತ್ತ ಹೋದ, ಹದಿಮೂರು ಕಾರ್ಡು ತುಂಬಿತು, ತನ್ನದು ಬಂದಾಗ ಪೆನ್ಸಿಲ್ ನನ್ನ ಕಡೆ ತಳ್ಳಿದ, ನಂದು ನೀವೇ ಬರೀರಿ ಮಾವ, ನಾನು ಬರೆದ್ರೆ ಸುಳ್ಳಾಗುತ್ತೆ. ಇವತ್ತು ಆಡುವುದು ಬೇರೆ ಯಾವುದೋ ಆಟವಾಗಿದ್ದರೆ ಬರೆದುಬಿಡುತ್ತಿದ್ದೆ, ವಾಲ್ಟರ್ ಎದುರಾಳಿಗಳಾದ ಎಂಜಿನ್ ಶಾಪಿನವರ ಕಾರ್ಡು ಮಾಡಿಕೊಂಡು ತರುತ್ತಿದ್ದಾನೆ, ಆ ಫೈನಲನ್ನೇ ಮತ್ತೆ ಆಡುತ್ತಾರಂತೆ, ನಾವು ಸೋತದ್ದನ್ನೇ. ಪುಳಿಯೋಗರೆಯ ಭಾನುವಾರ.

ನಾಲ್ಕು-ಮೂರು, ನಾವು ಮುಂದೆ, ಅವರದು ಕಡೆಯ ಸರದಿ, ಒಬ್ಬ ಔಟಾಗಿದ್ದಾನೆ, ಇನ್ನಿಬ್ಬರು ಆದರೆ ಮುಗಿಯಿತು, ಎರಡನೇ ಮೂಲೆಯಲ್ಲೊಬ್ಬ, ಮೂರನೇ ಮೂಲೆಯಲ್ಲೊಬ್ಬ ಓಡಲು ನಿಂತಿದ್ದಾರೆ, ನಾನು ಎಡಗಡೆ ಬೇಲಿಯ ಹತ್ತಿರ, ಅಲ್ಲಿ ನೆರಳು, ಉಪ್ಪಿ ನನ್ನಿಂದ ಹತ್ತು ಮಾರು ದೂರ, ಚೆಂಡು ಎದ್ದಿತು, ಎಲ್ಲರೂ ಹೋಯಿತು ಎಂದುಕೊಂಡರು, ಅವನು ಹಿಂದಕ್ಕೆ ಓಡಿ ಓಡಿ ಬೆನ್ನು ಬೇಲಿಗೆ ತಾಗುವಾಗ ಒಂದು ಕೈ ಚಾಚಿ ಹಿಡಿದ, ಹಾಗೆ ಹಿಡಿದದ್ದನ್ನು ನಾನು ಮೈಸೂರಿನಲ್ಲೂ ನೋಡಿಲ್ಲ, ಹಿಡಿದವನು ಚೆಂಡನ್ನು ಮೇಲಕ್ಕೆಸೆದ. ಆಕಾಶಕ್ಕೆ. ಕ್ರಿಕೆಟ್ಟಿನಲ್ಲಿ ಎಸೆಯುತ್ತಾರಲ್ಲ ಹಾಗೆ. ಕ್ರಿಕೆಟ್ಟಿನಲ್ಲಿ ಹಿಡಿದರೆ ಚೆಂಡು ಸತ್ತ ಹಾಗೆ, ಇಲ್ಲಿ ಸಾಯುವುದಿಲ್ಲ, ಹಿಡಿದ ಮೇಲೂ ಮೂಲೆಯಲ್ಲಿ ನಿಂತವನು ಓಡಬಹುದು, ಓಡಿದರು, ಮೂರನೆಯವನು ಮನೆ ಮುಟ್ಟಿ ಹಣ್ಣಾದ, ಅವರಿಗೊಂದು ರನ್, ಎರಡನೆಯವನೂ ಅವನ ಹಿಂದೆಯೇ ಹಣ್ಣಾದ, ಚೆಂಡು ಇನ್ನೂ ಮೇಲಿತ್ತು, ಬಿಳಿ ಚೆಂಡು, ನೀಲಿಯಲ್ಲಿ, ಕೆಳಗೆ ಉಪ್ಪಿ ಎರಡು ಕೈ ಎತ್ತಿ ನಗುತ್ತಿದ್ದ — ಐದು-ನಾಲ್ಕು. ಕಾರಿನಲ್ಲಿ ಅವನು ಆಡಿದ್ದು ಒಂದೇ ಮಾತು, ಮಾವ, ಪುಳಿಯೋಗರೆ ಡಬ್ಬಿ ಅಲ್ಲೇ ಬಿಟ್ಟು ಬಂದ್ವಿ. ಆಮೇಲೆ ಕ್ಯಾಂಟೀನಿನಲ್ಲಿ ಯಾರು ಸೇಬು ಕೈಗೆತ್ತಿಕೊಂಡರೂ ಒಂದು ಸಲ ಮೇಲಕ್ಕೆಸೆದು ಇವನ ಕಡೆ ನೋಡುವುದಂತೆ, ಲೀರಾಯ್ ಕೂಡ, ಅಯ್ಯಾ, ಇದು ಕೆಳಗೆ ಬರುತ್ತೋ ಇಲ್ವೋ ನೀನೇ ಹೇಳು, ತಮಾಷೆಗೇ, ತಮಾಷೆಗೇ ಎಂದು ಉಪ್ಪಿ ಹೇಳುತ್ತಿದ್ದ, ವರ್ಷ ತುಂಬುವುದರೊಳಗೆ ಆ ಕೆಲಸ ಬಿಟ್ಟು ಚಿಕಾಗೋ ಕಡೆ ಬಂದೆವು, ಒಳ್ಳೆ ಆಫರ್ ಮಾವ ಎಂದ, ಒಳ್ಳೆಯದೇ ಇರಬಹುದು. ಈಗ ಅದನ್ನು ಆರು-ಆರರ ಮನೆಯಲ್ಲಿ ಬರೆಯಲೋ ಬೇಡವೋ, ಬರೆದರೆ ಜನ್ಮದಲ್ಲಿ ಒಂದು ಸಲ ಎಸೆದವನು ಮೂವತ್ತಾರಕ್ಕೊಂದು ಸಲ ಎಸೆಯುತ್ತಲೇ ಇರುತ್ತಾನೆ, ಬರೆಯದಿದ್ದರೆ ಎಸೆದೇ ಇಲ್ಲ, ಆಗ ಅದು ಉಪ್ಪಿಯ ಕಾರ್ಡೇ ಅಲ್ಲ, ಇನ್ಯಾರದೋ — ಅದಲ್ಲ, ಅದಲ್ಲ ನನ್ನ ಕೈ ತಡೆಯುತ್ತಿರುವುದು. ನಾನು ಕೂಗಿದೆ. ಆವತ್ತು. ಜನ್ಮದಲ್ಲಿ ಯಾರ ಮೇಲೂ ದನಿ ಎತ್ತದವನು, ಬೇಲಿಯ ಮೇಲೆ ಕೈಯೂರಿ ಎದ್ದು ನಿಂತು ಕೂಗಿದೆ, ಎಸೆಯೋ ಉಪ್ಪೀ, ಎಸೆಯೋ ಮೇಲಕ್ಕೆ. ಅವನು ಎಂಟು ವರ್ಷದವನಿದ್ದಾಗ ಹಾಸ್ಟೆಲಿನ ಹಿತ್ತಲಲ್ಲಿ ನಾನೇ ಕಲಿಸಿದ್ದು, ಹಿಡಿದ ಮೇಲೆ ಎಸೀಬೇಕು ಕಣೋ, ಇಲ್ದಿದ್ರೆ ಹಿಡಿದದ್ದು ಯಾರಿಗೆ ಗೊತ್ತಾಗುತ್ತೆ. ಕೂಗಿದೆ ಎಂಬುದು ನಿಜ, ಗಂಟಲು ಮೂರು ದಿನ ಒಡೆದಿತ್ತು, ಅವನು ಎಸೆದದ್ದು ಕಂಡು ಕೂಗಿದೆನೋ, ನಾನು ಕೂಗಿದ್ದು ಕೇಳಿ ಎಸೆದನೋ, ಹದಿಮೂರು ಜನರ ಒಂದೊಂದು ಹೊಡೆತ ನೆನಪಿದೆ, ಇದೊಂದು ನಿಲ್ಲುವುದಿಲ್ಲ, ಒಮ್ಮೆ ಬಾಯಿ ಮೊದಲು ತೆರೆಯುತ್ತದೆ, ಒಮ್ಮೆ ಅವನ ಕೈ ಮೊದಲು ಏಳುತ್ತದೆ, ನಡುವೆ ಚೆಂಡು ಮಾತ್ರ ಮೇಲಿರುತ್ತದೆ, ಬಿಳಿ, ನೀಲಿಯಲ್ಲಿ, ಇಷ್ಟು ವರ್ಷ ಅವನನ್ನು ಕೇಳಲಿಲ್ಲ, ಕೇಳಿದರೆ ಏನೆಂದಾನು.

ಬಾಗಿಲಲ್ಲಿ ಬೂಟು ಕೊಡವುವ ಸದ್ದು, ಉಪ್ಪಿ ಒಳಗೆ ಬಂದ, ಕಿವಿ ಕೆಂಪಗಾಗಿದೆ, ಆಯ್ತಾ ಮಾವ, ಒಂದು ಮನೆ ಉಳಿದಿದೆ ಕಣೋ, ಯಾವ್ದು, ಆರು-ಆರು. ಅವನು ಅಂಗಿಯ ಜೇಬಿನಿಂದ ಇನ್ನೊಂದು ಕಾರ್ಡು ತೆಗೆದು ಹದಿನಾಲ್ಕರ ಪಕ್ಕದಲ್ಲಿಟ್ಟ, ಇದೂ ತಂಡದ್ದೇ, ಸೇರಿಸ್ಕೊಳ್ಳಿ, ಕನ್ನಡದಲ್ಲಿ ಬರೆದಿದ್ದಾನೆ, ನಾನು ಓದಲಿ ಎಂದು ಅಕ್ಷರ ದೊಡ್ಡದಾಗಿ, ನನ್ನದೇ ಹೆಸರು, ದ್ವಾರಕಾನಾಥ, ಬೇಲಿ ಹತ್ತಿರ. ಮೂವತ್ತೈದು ಮನೆ ಖಾಲಿ. ಆರು-ಆರರಲ್ಲಿ ಮಾತ್ರ ಇದೆ, ಮಾವ ಕೂಗುತ್ತಾರೆ. ಕೇಳಿಸಿತ್ತೇನೋ ನಿನಗೆ, ನನ್ನ ದನಿ ನನಗೇ ಕೇಳುತ್ತಿಲ್ಲ, ಕೇಳಿಸದೆ ಏನು ಮಾವ, ಇಡೀ ಮೈದಾನಕ್ಕೆ ಕೇಳಿಸ್ತು, ಎಸೆಯೋಕೆ ಮುಂಚೇನೋ ಆಮೇಲೋ ಉಪ್ಪಿ, ಅವನು ಟೇಬಲಿನ ಮೇಲಿನ ದಾಳ ಎತ್ತಿಕೊಂಡು ಅಂಗೈಯಲ್ಲಿ ಉರುಳಿಸುತ್ತಿದ್ದಾನೆ, ಕೆಂಪು, ಬಿಳಿ, ಕೆಂಪು, ಅದು ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಮಾವ, ಅದಕ್ಕೇ ನನ್ನ ಕಾರ್ಡ್ ನಿಮಗೆ ಕೊಟ್ಟಿದ್ದು — ಅಂದರೆ ಅವನಿಗೂ ಗೊತ್ತಿಲ್ಲ, ಇಷ್ಟು ವರ್ಷ ಅವನೂ, ಪೆನ್ಸಿಲ್ಲಿನ ಮೊನೆ ಮನೆಯ ಮೇಲೆ ಹಿಡಿದಿದ್ದೇನೆ, ಇಳಿಯುವುದಿಲ್ಲ, ಬಾಯಿ ಮೊದಲು, ಕೈ ಮೊದಲು, ಬಾಯಿ, ಕೈ, ಬೇಲಿ, ಬಿಳಿ ಚೆಂಡು, ನೀಲಿಯಲ್ಲಿ, ಇನ್ನೂ ಮೇಲೆ, ಮೇಲೇ